ಗುಂಡ್ಯಾ ಮಲಗಿದ ಮಾರ್ಗಶಿರ

ಮೊನ್ನೆ ಬೆಳಗಿನ ನಡಿಗೆ ಮುಗಿಸಿ ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯ ಯಾವುದೋ ಮನೆಯಲ್ಲಿ ಬದನೆಕಾಯಿ ಸುಡುತ್ತಿದ್ದರು. ಉರಿಯ ಮೇಲೆ ಸಿಪ್ಪೆ ಕಪ್ಪಾಗಿ ಬಿರಿಯುವಾಗ ಏಳುವ ಆ ಹೊಗೆಯ ವಾಸನೆಗೆ ಯಾರಿಗಾದರೂ ಹಸಿವಾಗಬೇಕು. ನನ್ನ ಕೈ ಮಾತ್ರ ತಾನಾಗಿ ಗುಂಡ್ಯಾನ ಕೊರಳ ಹಗ್ಗವನ್ನು ಗಿಡ್ಡ ಮಾಡಿ ಹಿಡಿಯಿತು. ಅವನು ಮೂಗೆತ್ತಿ ಆ ಬಾಗಿಲ ಕಡೆ ನೋಡಿದ. "ನಡಿ" ಎಂದೆ, ನಡೆದ. ಆ ನಾಯಿ ಮೆಟ್ಟಿಲು ಹತ್ತುವುದನ್ನು ನಾನು ಇಂದಿಗೂ ಸುಮ್ಮನೆ ನೋಡಲಾರೆ. ಹಿಂಗಾಲು ಗಟ್ಟಿಯಾಗಿ ಊರುತ್ತಾನೋ ಇಲ್ಲವೋ, ತಿರುವಿನಲ್ಲಿ ದಣಿದು ನಿಲ್ಲುತ್ತಾನೋ ಏನೋ ಎಂದು ಕಣ್ಣು ಅವನ ಹಿಂದೆಯೇ ಹೋಗುತ್ತದೆ. ಈ ಅಭ್ಯಾಸ ನನಗೆ ಹತ್ತಿದ್ದು ಕೆಲವು ವರ್ಷಗಳ ಹಿಂದಿನ ಒಂದು ಮಾರ್ಗಶಿರದಲ್ಲಿ.

ನಾನು ವಿಜಾಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ. ಇಲ್ಲಿಯ ಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದೆ. ಪ್ರಾರ್ಥನೆಗೆ ಸಾಲು ನಿಲ್ಲಿಸುವುದರಿಂದ ಹಿಡಿದು ಮಕ್ಕಳ ಉಗುರು ನೋಡುವವರೆಗೆ ಎಲ್ಲ ನನ್ನ ಪಾಲಿನದು. ಕೆಲಸ ಬಿಡುವ ದಿನ ಸೀಟಿಯನ್ನು ಶಾಲೆಗೆ ಒಪ್ಪಿಸಿ ಬಂದೆ, ಅಭ್ಯಾಸಗಳನ್ನು ಒಪ್ಪಿಸಲು ಆಗಲಿಲ್ಲ. ಏಳುವುದು, ನಡೆಯುವುದು, ಉಣ್ಣುವುದು, ದೀಪ ಆರಿಸುವುದು, ಎಲ್ಲಕ್ಕೂ ಒಂದು ಹೊತ್ತು. ಇದರಿಂದ ಯಾರಿಗಾದರೂ ತೊಂದರೆಯಾಗಿದ್ದರೆ ಅದು ನನ್ನ ಯಜಮಾನರ ಅಕ್ಕ ಗಂಗಕ್ಕನಿಗೆ. ಯಜಮಾನರು ತೀರಿಕೊಂಡ ಮೇಲೆ ಕೊಂಢವಾ ಬಡಾವಣೆಯ ನಮ್ಮ ಮನೆಯಲ್ಲಿ ಉಳಿದವರು ನಾವಿಬ್ಬರೇ. ಗಂಗಕ್ಕ ದೇವರ ಮುಂದೆ ಕೂತರೆ ಹೊತ್ತಿನ ಪರಿವೆ ಇಲ್ಲ. ನಾನು ಗಡಿಯಾರಕ್ಕೆ ಕೈ ಮುಗಿಯುತ್ತೇನೆ ಎಂದು ಅವರು, ಅವರ ದೇವರಿಗೆ ಪುರಸೊತ್ತು ಬಹಳ ಎಂದು ನಾನು. ಹೀಗೆಯೇ ನಮ್ಮ ಸಂಸಾರ ಚೆನ್ನಾಗಿ ನಡೆದಿತ್ತು.

ಗುಂಡ್ಯಾ ಬಂದದ್ದು ಪಕ್ಕದ ಕಟ್ಟಡದ ಕೆಲಸ ನಡೆಯುವಾಗ. ಇಟ್ಟಿಗೆ ರಾಶಿಯ ಸಂದಿಯಿಂದ ಹೊರಬಂದ ಮರಿ ನನ್ನ ಬೆಳಗಿನ ನಡಿಗೆಯ ಬೆನ್ನು ಹತ್ತಿತು. ಮಳೆ ಬಂದರೂ ಬಿಡಲಿಲ್ಲ, ಬೈದರೂ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಪ್ರಾಣಿಯನ್ನು ನಾನು ಹೇಗೆ ಬೇಡ ಎನ್ನಲಿ? ಮನೆಗೆ ತಂದೆ. ಶಾಲೆಯ ಕವಾಯತಿನ ಮಾತುಗಳನ್ನೇ ಕಲಿಸಿದೆ. 'ಸಾವಧಾನ' ಎಂದರೆ ಎದ್ದು ನಿಲ್ಲಬೇಕು. ತಟ್ಟೆ ಮುಂದಿಟ್ಟರೂ ಬಾಯಿ ಹಾಕಕೂಡದು. 'ವಿಶ್ರಾಮ' ಎಂದ ಮೇಲೆ ಉಣ್ಣಬೇಕು. ಒಂದು ತಿಂಗಳೊಳಗೆ ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಕಲಿತ. ಕಟ್ಟಡದ ಮಕ್ಕಳು ಇದನ್ನು ನೋಡಲೆಂದೇ ಸಂಜೆ ನಮ್ಮ ಬಾಗಿಲಿಗೆ ಬರುತ್ತಿದ್ದರು.

ಇನ್ನು ಚಂಪಾಷಷ್ಠಿಯ ಮಾತು. ಪುಣೆಯ ಹತ್ತಿರ ಜೇಜುರಿಯಲ್ಲಿ ಇರುವ ಖಂಡೋಬ ನಮ್ಮ ಯಜಮಾನರ ಮನೆಯ ದೇವರು. ನಮ್ಮ ಕಡೆಯವರು ಮೈಲಾರ ಎನ್ನುತ್ತಾರೆ, ಇಲ್ಲಿಯವರು ಖಂಡೋಬ ಎನ್ನುತ್ತಾರೆ. ಮಾರ್ಗಶಿರದ ಮೊದಲ ಆರು ದಿನ ಅವನ ಹಬ್ಬ, ಆರೇ ಆದರೂ ನವರಾತ್ರಿ ಎಂದೇ ಹೆಸರು, ಆರನೆಯ ದಿನವೇ ಚಂಪಾಷಷ್ಠಿ. ಮಳೆಗಾಲದ ಚಾತುರ್ಮಾಸದಲ್ಲಿ ಬಿಟ್ಟ ಈರುಳ್ಳಿ, ಬೆಳ್ಳುಳ್ಳಿ, ಬದನೆಕಾಯಿಗಳನ್ನು ನಿಷ್ಠೆಯವರು ಆ ದಿನವೇ ಮತ್ತೆ ಮುಟ್ಟುವುದು. ಸುಟ್ಟ ಬದನೆಕಾಯಿ ಹಿಚುಕಿ ಮಾಡಿದ ಭರ್ತಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಹೊಸ ಈರುಳ್ಳಿಯನ್ನು ಸೊಪ್ಪಿನ ಸಮೇತ ಹೆಚ್ಚಿ ಕಲಸಿ, ಸಜ್ಜೆಯ ರೊಟ್ಟಿಯ ಮೇಲಿಟ್ಟು ದೇವರಿಗೆ ತೋರಿಸುತ್ತಾರೆ. ನಾಯಿ ಖಂಡೋಬನ ಸಂಗಾತಿ. ಅದಕ್ಕೆ ಆ ನೈವೇದ್ಯದಲ್ಲಿ ಒಂದು ಪಾಲು ನಾಯಿಯದು. ನಾಯಿ ಉಂಡರೆ ದೇವರು ಉಂಡಂತೆ.

ಆ ವರ್ಷ ಚಂಪಾಷಷ್ಠಿಯ ದಿನ ನಾನು ಮನೆಯಲ್ಲಿರಲಿಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಶಾಲೆಯ ಕ್ರೀಡಾದಿನಕ್ಕೆ ಕರೆದಿದ್ದಳು. ಓಟದ ಗೆರೆಯ ಕೊನೆಗೆ ನಿಂತು ಯಾರು ಮೊದಲು, ಯಾರು ಎರಡನೆಯವರು ಎಂದು ಹೇಳುವ ಕೆಲಸ. ಸಂಜೆ ಮನೆಗೆ ಬಂದರೆ ಗಂಗಕ್ಕನ ಮುಖದಲ್ಲಿ ಬೆಳಕು. ಬಾಗಿಲಲ್ಲೇ ಸುದ್ದಿ ಹೇಳಿದರು. ಬೀದಿನಾಯಿಗಳನ್ನು ಕಾವಲುಗಾರ ಗೇಟಿನೊಳಗೆ ಬಿಡುವುದಿಲ್ಲವಲ್ಲ, ಹಾಗಾಗಿ ಕಟ್ಟಡದ ಖಂಡೋಬನ ಮನೆತನದವರೆಲ್ಲ ನಮ್ಮಲ್ಲಿಗೇ ತಟ್ಟೆ ತಂದರಂತೆ. ಗುಂಡ್ಯಾ ಒಬ್ಬೊಬ್ಬರ ಮುಂದೆಯೂ ಎದ್ದು ನಿಂತನಂತೆ. ಗಂಗಕ್ಕ 'ವಿಶ್ರಾಮ' ಎಂದ ಮೇಲೆ ಪ್ರತಿ ತಟ್ಟೆಯನ್ನೂ ನೆಕ್ಕಿ ಮುಗಿಸಿದನಂತೆ. ಕೆಳಗಿನ ಮನೆಯ ಶಿಂದೆ ಆಜಿ ಅವನ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಕೈ ಮುಗಿದರಂತೆ. ಗುಂಡ್ಯಾ ಹಣೆಯಲ್ಲಿ ಹಳದಿ ಹೊತ್ತು, ಹೊಟ್ಟೆಯನ್ನು ಡೋಲಿನಂತೆ ಮಾಡಿಕೊಂಡು ಬಿದ್ದಿದ್ದ. ಹೊತ್ತು ತಪ್ಪಿ ಉಣಿಸಿದ್ದಕ್ಕೆ ಗೊಣಗಿದೆ. "ವರ್ಷಕ್ಕ ಒಂದಿನ ದೇವರಾಗ್ಯಾನ, ಬಿಡ" ಎಂದರು ಗಂಗಕ್ಕ. ಬಿಟ್ಟೆ.

ರಾತ್ರಿ ಒಮ್ಮೆ ವಾಂತಿ ಮಾಡಿಕೊಂಡ. ಅತಿ ತಿಂದರೆ ಯಾರಿಗೂ ಆಗುವುದೇ. ಮರುದಿನ ಸರಿಯಿದ್ದ. ಆಮೇಲೆ ದಿನದಿಂದ ದಿನಕ್ಕೆ ಮೆತ್ತಗಾದ. ಆ ವಾರ ಪುಣೆಯಲ್ಲಿ ಚಳಿ ಹೆಚ್ಚಿತ್ತು. ಬೆಳಿಗ್ಗೆ ಬಾಲ್ಕನಿಯ ಕಂಬಿ ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಚಳಿಗೆ ಮುದುಡಿದ್ದಾನೆ ಎಂದು ಗೋಣಿಚೀಲದ ಮೇಲೆ ಕಂಬಳಿ ಹಾಸಿದೆವು. ಒಂದು ಬೆಳಿಗ್ಗೆ ನಡಿಗೆಗೆ ಇಳಿದವನು ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟ. ನಾಲಿಗೆ ಹೊರಗೆ, ಮೈಯೆಲ್ಲ ಏದುಸಿರು. "ಸಾವಧಾನ" ಎಂದೆ. ಮುಂಗಾಲು ಊರಿ ಎದ್ದ, ಹಿಂಗಾಲು ನಡುಗಿದವು, ಮತ್ತೆ ಕೂತ. ನನ್ನ ಮುಖ ನೋಡಿದ. ಮತ್ತೆ ಎದ್ದ, ಮತ್ತೆ ಕೂತ. ಮೈದಾನದಲ್ಲಿ ಕುಸಿದ ಮಕ್ಕಳನ್ನು ಎಷ್ಟೋ ಸಲ ನೋಡಿದ್ದೇನೆ. ಮಗು ಸೋಗು ಹಾಕುತ್ತಿದೆಯೋ, ನಿಜವಾಗಿ ಸತ್ವ ಹೋಗಿದೆಯೋ ಎಂಬುದು ನನಗೆ ತಿಳಿಯುತ್ತದೆ. ಇದು ಸೋಗಲ್ಲ. ಕೆಳಗೆ ಎತ್ತಿಕೊಂಡು ಹೋದೆ. ಗೋಡೆಯ ಬದಿಗೆ ಉಚ್ಚೆ ಹೊಯ್ದ. ಅದರ ಬಣ್ಣ ಕಪ್ಪು ಚಹಾದಂತಿತ್ತು.

ಗಂಗಕ್ಕ ದೃಷ್ಟಿಯಾಗಿದೆ ಎಂದರು. ಅಷ್ಟು ಮಂದಿ ಅಷ್ಟು ಹೊತ್ತು ಕಣ್ಣಿಟ್ಟು ನೋಡಿದರೆ ಆಗದೆ ಇರುತ್ತದೆಯೇ ಎಂಬುದು ಅವರ ಮಾತು. ನಿವಾಳಿಸಲು ಉಪ್ಪು ತಂದರು. ನಿವಾಳಿಸಲಿ ಎಂದು ನಾನು ಅಷ್ಟರಲ್ಲಿ ಚಪ್ಪಲಿ ಮೆಟ್ಟಿ, ಹಳೆಯ ದುಪ್ಪಟಿಯಲ್ಲಿ ಅವನನ್ನು ಸುತ್ತಿದೆ. ಮೊದಲ ರಿಕ್ಷಾದವನು ನಾಯಿ ನೋಡಿ ಹೊರಟೇಹೋದ. ಎರಡನೆಯವನ ಮುಂದೆ ನಾನೇ ಅಡ್ಡ ನಿಂತೆ. ಇಷ್ಟು ವರ್ಷ ಮೈದಾನದಲ್ಲಿ ಕೂಗಿದ ದನಿ ಆ ದಿನ ರಸ್ತೆಯಲ್ಲಿ ಉಪಯೋಗಕ್ಕೆ ಬಂತು.

ಪಶುವೈದ್ಯೆ ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ಗುಂಡ್ಯಾನ ತುಟಿ ಎತ್ತಿ ಒಸಡು ತೋರಿಸಿದಳು. ಅದು ಬಿಳಿಚಿ ಹಳದಿಗೆ ತಿರುಗಿತ್ತು. ಏನು ತಿಂದ ಎಂದು ಕೇಳಿದಳು. ಬೆಳಗಿನದು, ಸಂಜೆಯದು, ಅಳತೆಯ ಸಮೇತ ನಾನು ಒಪ್ಪಿಸಿದೆ. ಇಲಿಪಾಷಾಣ ಏನಾದರೂ? ಇಲ್ಲ. ಅವಳು ರಕ್ತ ತೆಗೆದು ಒಳಗೆ ಕೊಟ್ಟು ಬಂದು ಮತ್ತೆ ಕೇಳಿದಳು: "ಕಾಂದಾ? ಲಸೂಣ?"

ಈರುಳ್ಳಿ, ಬೆಳ್ಳುಳ್ಳಿ ತಾನೆ? ನಾನು ಎದೆ ಸೆಟೆಸಿ ಹೇಳಿದೆ, ನಮ್ಮ ಮನೆಯೊಳಗೆ ಚಾತುರ್ಮಾಸದುದ್ದಕ್ಕೂ ಈರುಳ್ಳಿಯ ಸಿಪ್ಪೆ ಕೂಡ ಬಂದಿಲ್ಲ, ನಮ್ಮ ಗಂಗಕ್ಕ ಅಷ್ಟು ಕಟ್ಟುನಿಟ್ಟು ಎಂದು. ನಿಮ್ಮದು ಖಂಡೋಬನ ಮನೆಯೇ ಎಂದು ಮೆಲ್ಲಗೆ ಕೇಳಿದಳು. ಹೌದು ಎನ್ನುವಷ್ಟರಲ್ಲಿ ನನಗೆ ಹೊಳೆಯಿತು. ಚಂಪಾಷಷ್ಠಿ. ಎಲ್ಲ ಮಹಡಿಗಳಿಂದ ಬಂದ ತಟ್ಟೆಗಳು. ತನ್ನ ಮನೆದೇವರೂ ಅವನೇ ಎಂದು ವೈದ್ಯೆ ಹೇಳಿದಳು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತಿಂದ ದಿನವೇ ತಿಳಿಯುವುದಿಲ್ಲ, ಕೆಲವು ದಿನ ಕಳೆದು ಒಳಗಿಂದ ಕುಸಿಯುತ್ತದೆ. ಒಂದು ತುತ್ತಿಗೆ ಇಷ್ಟು ಆಗುತ್ತಿರಲಿಲ್ಲ. ಇಡೀ ಕಟ್ಟಡದ ಭಕ್ತಿಯನ್ನು ಅವನೊಬ್ಬನೇ ಉಂಡಿದ್ದ.

ಈ ವಿಷಕ್ಕೆ ಪ್ರತಿಮದ್ದು ಇಲ್ಲ ಎಂದಳು. ಸಲೈನ್ ಹಾಕಬಹುದು, ಕಾಯಬಹುದು. ಆದರೆ ರಕ್ತ ಬಹಳ ಇಳಿದಿದೆ, ಬೇರೆ ನಾಯಿಯ ರಕ್ತ ಸಿಕ್ಕರೆ ಇವತ್ತೇ ಕೊಡಬೇಕು. ದೊಡ್ಡ ಮೈಯ, ಲಸಿಕೆ ಹಾಕಿಸಿದ, ಆರೋಗ್ಯವಾದ ನಾಯಿ ಬೇಕು. ಅವಳು ಯಾರಿಗೋ ಫೋನು ಹಚ್ಚಿದಳು, ಸಿಗಲಿಲ್ಲ. ಇಂಥ ಸ್ಥಿತಿಯಲ್ಲಿ ಕೆಲವರು ಮನೆಗೆ ಕರೆದೊಯ್ಯುತ್ತಾರೆ ಎಂದೂ ಹೇಳಿದಳು. ಅದರ ಅರ್ಥ ನನಗೆ ಆಯಿತು. ಸಂಜೆಯೊಳಗೆ ನಾಯಿ ತಂದರೆ ಸಾಕೇ ಎಂದಷ್ಟೇ ಕೇಳಿದೆ. ಸಾಕು ಎಂದಳು. ಗುಂಡ್ಯಾನ ಕಿವಿಯ ಹತ್ತಿರ ಬಾಗಿ 'ಇಲ್ಲೇ ಇರು' ಎಂದು ಹೇಳಿ ಹೊರಟೆ.

ನನಗೆ ಗೊತ್ತಿದ್ದ ದೊಡ್ಡ ಮೈಯ ನಾಯಿ ಒಂದೇ. ನಮ್ಮ ಮೇಲಿನ ಮಹಡಿಯ ಪ್ರಜ್ವಲ್ ಎಂಬ ಹಾಸನದ ಹುಡುಗನ ಬ್ರೂನೋ. ಪ್ರಜ್ವಲ್ ಕಂಪ್ಯೂಟರ್ ಕೆಲಸದವನು, ಹಗಲೆಲ್ಲ ಕಿವಿಗೆ ಏನೋ ಸಿಕ್ಕಿಸಿಕೊಂಡು ಮನೆಯಿಂದಲೇ ಮಾತಾಡುತ್ತಿದ್ದ. ಬ್ರೂನೋ ಕರುವಿನಂಥ ಲ್ಯಾಬ್ರಡಾರ್. ಲಿಫ್ಟಿನಲ್ಲಿ ಅದರ ಕೂದಲು, ಜೊಲ್ಲು. ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು, ನಾಯಿಗಳು ಲಿಫ್ಟ್ ಹತ್ತಕೂಡದು, ನಮ್ಮ ಗುಂಡ್ಯಾ ಮೆಟ್ಟಿಲು ಹತ್ತುವುದಿಲ್ಲವೇ ಎಂದು ವಾದಿಸಿ ನಿಯಮ ಮಾಡಿಸಿದವಳು ನಾನೇ. ಆ ನಿಯಮ ಸರಿಯಾದದ್ದೇ ಎಂದು ಈಗಲೂ ಹೇಳುತ್ತೇನೆ. ಅಂದಿನಿಂದ ಆ ಹುಡುಗ ಎದುರಾದರೆ ಬ್ರೂನೋವನ್ನು ಗೋಡೆಗೆ ಒತ್ತಿ ಹಿಡಿದು, "ನಮಸ್ತೆ ಆಂಟಿ" ಎಂದು ಹಲ್ಲು ಕಚ್ಚಿ ಹೇಳಿ ಹೋಗುತ್ತಿದ್ದ. ಆಂಟಿ ಎಂಬ ಮಾತು ನನಗೆ ಆಗದು, ಅದೂ ಅವನಿಗೆ ಗೊತ್ತಿತ್ತು.

ಬೆಲ್ ಒತ್ತಿದೆ. ಬಾಗಿಲು ತೆರೆದವನು ನನ್ನನ್ನು ನೋಡಿ ಮೊದಲು ಹೇಳಿದ್ದು, "ಆಂಟಿ, ಇವತ್ತು ನಾವು ಸ್ಟೆಪ್ಸಲ್ಲೇ ಬಂದಿದ್ದು" ಎಂದು. ದೂರು ಹೇಳಲು ಬಂದವಳಲ್ಲ ಎಂದೆ. ಪೀಠಿಕೆ ಹಾಕಲು ನನಗೆ ಬಾರದು. ಗುಂಡ್ಯಾ ಸಾಯುತ್ತಿದ್ದಾನೆ, ನಿಮ್ಮ ನಾಯಿಯ ರಕ್ತ ಬೇಕು ಎಂದು ಹೇಳಿಬಿಟ್ಟೆ. ಅವನು ಕಿವಿಯಿಂದ ಆ ವಸ್ತು ತೆಗೆದು, ಒಳಗೆ ಹೋಗಿ ಕಂಪ್ಯೂಟರ್ ಮುಚ್ಚಿ ಬಂದ.

"ಬ್ರೂನೋಗೆ ಏನೂ ಆಗಲ್ಲ ತಾನೆ, ಆಂಟಿ?"

ಇಲ್ಲ ಎಂದು ಸುಲಭವಾಗಿ ಹೇಳಬಹುದಿತ್ತು. "ನನಗ ಗೊತ್ತಿಲ್ಲಪ್ಪ. ಡಾಕ್ಟರಿಗೆ ನೀನ ಕೇಳು. ಆಕಿ ಬ್ಯಾಡ ಅಂದ್ರ ನಾ ಸುಮ್ಮನ ಹೋಗ್ತೀನಿ" ಎಂದೆ. ಅಲ್ಲೇ ನಿಂತು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಕೇಳಿದ. ನಾನು ಬಾಗಿಲ ಹೊರಗೆ ಕಾದೆ. ಬ್ರೂನೋ ಬಂದು ನನ್ನ ಸೀರೆಯ ನೆರಿಗೆಗೆ ಜೊಲ್ಲು ಒರೆಸಿತು. ನಾನು ನೆರಿಗೆ ಎಳೆದುಕೊಳ್ಳಲಿಲ್ಲ. ಫೋನು ಇಟ್ಟವನು ಗೂಟದಿಂದ ಸರಪಳಿ ತೆಗೆದ. ಕಾರಿನ ಬೀಗದ ಕೈ ಹುಡುಕುತ್ತ, ನನ್ನ ಕಡೆ ತಿರುಗದೆಯೇ ಕೇಳಿದ: "ಲಿಫ್ಟಲ್ಲಿ ಕರ್ಕೊಂಡ್ ಹೋಗ್ಬೋದಾ, ಅಥ್ವಾ ಮೀಟಿಂಗ್ ಕರೀಬೇಕಾ?"

"ಇವತ್ತ ಹೋಗ್ಲಿ" ಎಂದೆ. ಮೂವರೂ ಲಿಫ್ಟಿನಲ್ಲೇ ಇಳಿದೆವು.

ದವಾಖಾನೆಯಲ್ಲಿ ಎರಡು ನಾಯಿಗಳ ರಕ್ತ ಹೊಂದುತ್ತದೆಯೇ ಎಂದು ನೋಡಿದರು, ಹೊಂದಿತು. ಬ್ರೂನೋ ಮೈ ದೊಡ್ಡದಾದರೂ ಪುಕ್ಕಲು. ಕೊರಳ ಮೇಲಿನ ಕೂದಲು ಬೋಳಿಸುವಾಗಲೇ ಮೇಜಿನ ಕೆಳಗೆ ನುಗ್ಗಲು ನೋಡಿತು. ನಾನು ಸಾವಧಾನ ಎಂದೆ, ಅದಕ್ಕೆ ತಿಳಿಯಲಿಲ್ಲ. ಪ್ರಜ್ವಲ್ ಅದರ ತಲೆಯನ್ನು ಎದೆಗೊತ್ತಿಕೊಂಡು, "ನೋಡು, ನನ್ನೇ ನೋಡು ಕಂದಾ" ಎಂದು ಒಂದೇ ಸಮನೆ ಹೇಳುತ್ತಿದ್ದ. ಚೀಲ ತುಂಬುವವರೆಗೆ ನಾನು ಬ್ರೂನೋನ ಹಿಂಗಾಲು ಹಿಡಿದು ನಿಂತೆ. ಆಮೇಲೆ ಆ ಕೆಂಪು ಚೀಲವನ್ನು ಗುಂಡ್ಯಾನ ಪಕ್ಕದ ಗೂಟಕ್ಕೆ ತೂಗುಹಾಕಿದರು. ಹನಿ ಇಳಿಯತೊಡಗಿತು. ಹೊರಗೆ ಬೀದಿಯಲ್ಲಿ ಬಿಸಿಲು ಬಾಡುವ ಹೊತ್ತಿಗೆ ವೈದ್ಯೆ ಬಂದು ಮತ್ತೆ ತುಟಿ ಎತ್ತಿ ನೋಡಿದಳು. ಒಸಡಿನ ಅಂಚಿಗೆ ತೆಳ್ಳಗೆ ಗುಲಾಬಿ ಬಣ್ಣ ಬಂದಿತ್ತು. ಇದರಿಂದ ಅವನಿಗೆ ಸಮಯ ಸಿಕ್ಕಿದೆ ಅಷ್ಟೇ, ತನ್ನ ರಕ್ತ ತಾನೇ ಮಾಡಿಕೊಳ್ಳಬೇಕು, ಅದಕ್ಕೆ ಉಣ್ಣಬೇಕು ಎಂದಳು.

ಉಣ್ಣಲಿಲ್ಲ. ಅದೇ ಆ ಚಳಿಗಾಲದ ನಿಜವಾದ ಹೋರಾಟ.

ಎರಡು ದಿನ ದವಾಖಾನೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಮೊಟ್ಟೆ ಬೇಯಿಸಿ ಅನ್ನದ ಜೊತೆ ಕಲಸಿ ಕೊಡಿ, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಎಂದು ವೈದ್ಯೆ ಹೇಳಿದ್ದಳು. ನಮ್ಮದು ಮೊಟ್ಟೆ ಮುಟ್ಟದ ಮನೆ. ಗಂಗಕ್ಕನ ಅಡುಗೆಮನೆಗೆ ಅದನ್ನು ಒಯ್ಯುವುದು ಬೇಡವೆಂದು ಬಾಲ್ಕನಿಯಲ್ಲಿ ಸಣ್ಣ ಒಲೆ ಹೂಡಿದೆ. ಬೇರೆ ಪಾತ್ರೆ, ಬೇರೆ ಚಮಚೆ, ಎಲ್ಲ ವ್ಯವಸ್ಥೆ ಮಾಡಿಕೊಂಡೆ. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದಿಡುತ್ತಿದ್ದೆ. ಗುಂಡ್ಯಾ ತಟ್ಟೆಯನ್ನು ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ, ಮುಂಗಾಲು ಊರಿ ಏಳಲು ನೋಡುತ್ತಿದ್ದ. ಆಗದೆ ಮುಖ ಆಚೆ ತಿರುಗಿಸುತ್ತಿದ್ದ. ವಿಶ್ರಾಮ ಎಂದೆ. ಬೇಡಿಕೊಂಡೆ. ಬಾಯಿ ಬಿಡಿಸಿ ತುರುಕಿದರೆ ಕಟವಾಯಿಯಿಂದ ಹೊರಗೆ. ಎದ್ದು ನಿಲ್ಲದೆ ಉಣ್ಣಬಾರದು ಎಂಬುದು ಅವನ ಮೈಗೆ ಅಷ್ಟು ಹತ್ತಿತ್ತು. ನಾನು ತಟ್ಟೆ ಹಿಡಿದು ಕೂತರೆ ಅವನಿಗೆ ಅದು ಊಟವಲ್ಲ, ಕವಾಯತು. ನಾನು ಎದ್ದು ಒಳಗೆ ಹೋದರೆ ಉಂಡಾನೇನೋ ಎಂದು ಬಾಗಿಲ ಹಿಂದೆ ನಿಂತೂ ನೋಡಿದೆ. ತಟ್ಟೆ ಹಾಗೆಯೇ ಆರಿತು.

ಒಳಗೆ ಗಂಗಕ್ಕನ ಸ್ಥಿತಿ ಬೇರೆ. ದವಾಖಾನೆಯ ಮಾತು ಕೇಳಿದ ದಿನದಿಂದ ಅವರು ದೇವರ ಕೋಣೆಗೆ ಹೋಗಿರಲಿಲ್ಲ. ಬೆಳಿಗ್ಗೆ ಮಿಂದು ಬಂದು ಅಡುಗೆಮನೆಯ ಮಣೆಯ ಮೇಲೆ ಕೂತುಬಿಡುತ್ತಿದ್ದರು. ಖಂಡೋಬನ ದೀಪ ನಾನೇ ಹಚ್ಚುತ್ತಿದ್ದೆ, ಅದೂ ವಕ್ರ ಬತ್ತಿ ಹೊಸೆದು. ಗುಂಡ್ಯಾ ಮಲಗಿದ್ದ ಬಾಲ್ಕನಿಯ ಕಡೆ ಅವರು ಹಾಯುತ್ತಲೇ ಇರಲಿಲ್ಲ. ನಾಯಿಗೆ ವಿಷವಿಕ್ಕಿದ ಕೈ, ಈ ಕೈಯ ನೈವೇದ್ಯ ದೇವರು ಒಲ್ಲೆ ಎಂದಿದ್ದಾನೆ ಎಂದು ಶಿಂದೆ ಆಜಿಯ ಮುಂದೆ ಹೇಳಿ ಅತ್ತಿದ್ದರಂತೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಆದರೆ ಒಂದು ಸಂಗತಿ ಗೊತ್ತಿತ್ತು. ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತ ಗುಂಡ್ಯಾನಿಗೆ ಗಂಗಕ್ಕ ಅಂಚು ಮುರಿದು ಕೊಡುತ್ತಿದ್ದರು. ಸಾವಧಾನವಿಲ್ಲ, ವಿಶ್ರಾಮವಿಲ್ಲ. ನನ್ನ ಕಣ್ಣು ತಪ್ಪಿಸಿ ಇಬ್ಬರೂ ನಡೆಸಿದ ಹಳೆಯ ವ್ಯವಹಾರ ಅದು. ಎಷ್ಟೋ ಸಲ ಕಂಡೂ ಕಾಣದಂತೆ ಇದ್ದೆ. ಆ ಕೈಯಿಂದ ಬಂದದ್ದನ್ನು ಅವನು ಮಲಗಿಯೂ ತಿನ್ನುತ್ತಿದ್ದ, ಕೂತೂ ತಿನ್ನುತ್ತಿದ್ದ.

ಮೂರು ಹೊತ್ತಿನ ತಟ್ಟೆ ಹಾಗೇ ಉಳಿದ ಮಧ್ಯಾಹ್ನ ನಾನು ಅದನ್ನು ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತೆ.

"ಅಕ್ಕಾ, ಏಳ್ರಿ. ನೀವು ಬಂದು ಅವಂಗ ಉಣಸ್ರಿ."

"ನನ್ನ ಕೈಲೆ ತಿಂದ ಹಿಂಗಾತು. ಮತ್ತ ನನ್ನ ಕೈಲೇ ಕೊಡು ಅಂತಿ?"

"ನಿಮ್ಮ ಕೈಲೆ ತಿಂದು ಬಂದದ್ದು ನಿಮ್ಮ ಕೈಲೆ ತಿಂದ ಹೋಗಬೇಕು. ನನ್ನ ಕೈಲೆ ತಿನ್ನವಲ್ಲ. ತಿನ್ನಲಿಲ್ಲ ಅಂದ್ರ ಹೋಗ್ತಾನ."

ತಟ್ಟೆಯ ಕಡೆ ನೋಡಿದರು. ಅನ್ನದ ನಡುವೆ ಮೊಟ್ಟೆಯ ಹಳದಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಮುಟ್ಟದ ವಸ್ತು. ಮೊಟ್ಟೆ ಇಟ್ಟ ಅಂಗಡಿಯಲ್ಲಿ ಸಕ್ಕರೆ ಕೂಡ ಕೊಳ್ಳದ ಹೆಂಗಸು. ಚಮಚೆ ತರುತ್ತೇನೆ ಎಂದೆ. ಬೇಡ ಎಂದು ಕೈ ಆಡಿಸಿದರು. ಮಣೆ ಹಿಡಿದು ಎದ್ದರು, ಸೆರಗು ಸಿಕ್ಕಿಸಿದರು, ನನ್ನ ಕೈಯಿಂದ ತಟ್ಟೆ ಕಸಿದುಕೊಂಡು ಬಾಲ್ಕನಿಗೆ ನಡೆದರು. ಗುಂಡ್ಯಾನ ಬಾಲ ಕಂಬಳಿಯ ಮೇಲೆ ಮೆಲ್ಲಗೆ ಬಡಿಯಿತು. ಅಷ್ಟು ದಿನಗಳಲ್ಲಿ ಆ ಸದ್ದು ಅದೇ ಮೊದಲು.

ಗಂಗಕ್ಕ ನೆಲಕ್ಕೆ ಕೂತರು. ಬಲಗೈ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅನ್ನ, ಮೊಟ್ಟೆ ಸೇರಿಸಿ, ಮಕ್ಕಳಿಗೆ ಕಲಸುವಂತೆ ಬೆರಳಿನಿಂದ ನುಣ್ಣಗೆ ಹಿಚುಕಿದರು. ಕಣ್ಣು ಮುಚ್ಚಲಿಲ್ಲ, ಮುಖ ಕಿವುಚಲಿಲ್ಲ. ಸಣ್ಣ ತುತ್ತು ಮಾಡಿ ಅವನ ಮೂಗಿನ ಹತ್ತಿರ ಹಿಡಿದರು. ಗುಂಡ್ಯಾ ಮೊದಲು ಬೆರಳು ನೆಕ್ಕಿದ, ಆಮೇಲೆ ತುತ್ತು ತೆಗೆದುಕೊಂಡ. ನಾನು ಅಲ್ಲಿ ನಿಲ್ಲಲಿಲ್ಲ. ನಾನು ನಿಂತರೆ ಮತ್ತೆ ಅವನಿಗೆ ಕವಾಯತು ನೆನಪಾದೀತು. ಒಳಗೆ ಬಂದು ಸುಮ್ಮನೆ ಮಡಚಿದ ಬಟ್ಟೆಗಳನ್ನೇ ಮತ್ತೆ ಬಿಚ್ಚಿ ಮಡಚಿದೆ. ಬಾಲ್ಕನಿಯಿಂದ ಗಂಗಕ್ಕನ ದನಿ ಕೇಳುತ್ತಿತ್ತು. "ತಿನ್ನೋ ನಮ್ಮಪ್ಪ, ಇನ್ನೊಂದ ತುತ್ತ, ಅಕಿ ನೋಡೂದಿಲ್ಲ." ಅಕಿ ಎಂದರೆ ನಾನು.

ಆ ಸಂಜೆ ಅವರು ಮತ್ತೊಮ್ಮೆ ಮಿಂದು ಬಂದು ದೇವರ ಮುಂದೆ ಕೂತರು. ನಾನು ವಕ್ರವಾಗಿ ಹೊಸೆದಿಟ್ಟ ಬತ್ತಿಗಳನ್ನು ಅವರು ತೆಗೆದು ಬಿಸಾಡಿದ್ದನ್ನು ನೋಡಿದ ಮೇಲೆ ನನ್ನ ಮನಸ್ಸು ನೆಲೆಗೆ ಬಂತು.

ಮುಂದಿನದು ಶ್ರಮ ಮಾತ್ರ. ಬೇಯಿಸುವುದು, ಹೊತ್ತು ನೋಡುವುದು, ಔಷಧಿ, ಅಂಗಳಕ್ಕೆ ಎತ್ತಿಕೊಂಡು ಇಳಿಯುವುದು ನನ್ನ ಪಾಲು. ಉಣಿಸುವುದು ಗಂಗಕ್ಕನ ಪಾಲು. ಉಚ್ಚೆಯ ಬಣ್ಣ ತಿಳಿಯಾಯಿತು. ಒಸಡು ಕೆಂಪಾಯಿತು. ಮೊದಲು ಬಾಗಿಲವರೆಗೆ ನಡೆಸಿದೆ, ಆಮೇಲೆ ಓಣಿಯ ತುದಿಯವರೆಗೆ, ಆಮೇಲೆ ಎರಡು ಮೆಟ್ಟಿಲು ಹತ್ತಿಸಿ ಕೂರಿಸಿದೆ. ಗಾಯಗೊಂಡ ಓಟಗಾರನನ್ನು ಹೇಗೆ ಮೈದಾನಕ್ಕೆ ಮರಳಿಸಬೇಕೋ ಹಾಗೆ, ಅವಸರವಿಲ್ಲದೆ, ಒಂದು ದಿನವೂ ತಪ್ಪಿಸದೆ. ಕೆಲವು ಬೆಳಿಗ್ಗೆ ಪ್ರಜ್ವಲ್ ಬ್ರೂನೋವನ್ನು ಜೊತೆಗೆ ತರುತ್ತಿದ್ದ. ಗುಂಡ್ಯಾ ನಿಂತಲ್ಲಿ ಆ ಕರುವೂ ನಿಲ್ಲುತ್ತಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಗುಂಡ್ಯಾ ನಮ್ಮ ಮಹಡಿಯವರೆಗೆ ತಾನೇ ಹತ್ತಿ ಬಂದ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ, ಸಾವಧಾನದ ಅಪ್ಪಣೆಗೆ ಕಾದಂತೆ. ನಾನು ಏನೂ ಹೇಳದೆ ಒಳಗೆ ಬಿಟ್ಟೆ. ಊಟಕ್ಕೆ ಕವಾಯತು ಅಂದಿನಿಂದ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಮರುವರ್ಷದ ಮಾರ್ಗಶಿರ ಬಂತು. ಕಟ್ಟಡದ ಜನ ನಮ್ಮ ಗುಂಡ್ಯಾನ ಪಾಲು ಮರೆತಿರಲಿಲ್ಲ. ಮನೆ ಮನೆಗೆ ಹೋಗಿ, ಈರುಳ್ಳಿ ನಾಯಿಗೆ ವಿಷ, ಯಾರೂ ತರಕೂಡದು ಎಂದು ಹೇಳಿ ಬರಲು ನಾನು ಹೊರಟೆ. ಗಂಗಕ್ಕ ತಡೆದರು. "ನೀ ಹೋಗಿ ಅಪ್ಪಣಿ ಮಾಡ್ತಿ. ದೇವರ ನೈವೇದ್ಯಕ್ಕ ವಿಷ ಅಂತಿ. ಮಂದಿ ಹಟಕ್ಕ ಬಿದ್ದು ತಂದ ಹಾಕ್ತಾರ. ನಾ ಹೋಗ್ತೀನಿ" ಎಂದು ತಾವೇ ಇಳಿದರು. ಎಲ್ಲರ ಮನೆಯಲ್ಲೂ ಒಂದೇ ಮಾತು ಹೇಳಿದರಂತೆ: ಜಡ್ಡಾದಾಗ ಗುಂಡ್ಯಾನ ಹೆಸರಿನಲ್ಲಿ ಹರಕೆಯಾಗಿದೆ, ನಮ್ಮೆಲ್ಲರ ಚಾತುರ್ಮಾಸ ಚಂಪಾಷಷ್ಠಿಗೆ ಮುಗಿಯುತ್ತದೆ, ಅವನದು ಮುಗಿಯುವುದಿಲ್ಲ, ಜೀವ ಇರುವವರೆಗೂ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು.

ಯಾರೂ ಎದುರು ಮಾತಾಡಲಿಲ್ಲ. ಹಬ್ಬದ ದಿನ ತಟ್ಟೆಗಳು ಬಂದವು. ಒಂದೊಂದರಲ್ಲೂ ಬರೀ ಸಜ್ಜೆಯ ರೊಟ್ಟಿಯ ಚೂರು. ಶಿಂದೆ ಆಜಿಯಂತೂ ಈರುಳ್ಳಿ ಹೆಚ್ಚಿದ ಈಳಿಗೆ ಸೋಕಿತೆಂದು ಸೊಸೆಯನ್ನು ಬೈದು ಬೇರೆ ರೊಟ್ಟಿ ಮಾಡಿಸಿ ತಂದಿದ್ದರು. ತಮ್ಮಿಂದ ನಾಲ್ಕು ತಿಂಗಳ ವ್ರತ ನಡೆಸುವುದೇ ಕಷ್ಟ, ಈ ನಾಯಿ ಜನ್ಮವಿಡೀ ನಡೆಸುತ್ತಿದೆ ಎಂದು ಮರಾಠಿಯಲ್ಲಿ ಹೇಳಿ ಅವನ ಹಣೆ ಮುಟ್ಟಿದರು.

ಎಲ್ಲ ಹೋದ ಮೇಲೆ ನಾವಿಬ್ಬರೂ ಉಣ್ಣಲು ಕೂತೆವು. ನಾನು ಗಡಿಯಾರ ನೋಡಿ ಉಣ್ಣುವವಳು, ಅವರು ಪೂಜೆ ಮುಗಿಸಿ ಉಣ್ಣುವವರು. ಎದುರುಬದುರು ಕೂಡುವುದು ಹಬ್ಬದ ದಿನ ಮಾತ್ರ. ಉಪಾಯ ಚೆನ್ನಾಗಿತ್ತು, ಆದರೆ ದೇವರ ಹೆಸರಲ್ಲಿ ಸುಳ್ಳು ಹೇಳಿದಿರಲ್ಲ ಎಂದು ಕೆಣಕಿದೆ.

"ಸುಳ್ಳ ಯಾಕ? ಅವಂಗ ವ್ರತಾ ಹಿಡಿಯಾಕ ಬರತದೇನು? ಅವನ ಹೆಸರಲೆ ನಾ ಹಿಡದೀನಿ."

ಆಗ ಅವರ ತಟ್ಟೆ ನೋಡಿದೆ. ನನ್ನ ಭರ್ತದಲ್ಲಿ ಹಸಿರು ಈರುಳ್ಳಿ ಸೊಪ್ಪು ತುಂಬಿತ್ತು. ಅವರದರಲ್ಲಿ ಬರೀ ಸುಟ್ಟ ಬದನೆಕಾಯಿ, ಉಪ್ಪು. ಯಾವಾಗಿನಿಂದ ಎಂದು ಕೇಳಿದೆ. ಅವನು ದವಾಖಾನೆಯಲ್ಲಿ ಮಲಗಿದ ದಿನದಿಂದ ಎಂದರು. ಎಲ್ಲಿಯವರೆಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ನನ್ನ ಭರ್ತದ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

ಗಂಗಕ್ಕ ಅದನ್ನು ಮತ್ತೆ ನನ್ನ ಮುಂದೆ ತಳ್ಳಿದರು. "ನೀ ತಿನ್ನ. ಒಂದು ನಾಯಿಗೆ ಒಬ್ಬರು ಸಾಕು."

ತಿಂದೆ.